ಗಾಳಿ ಎಳೆಯುತ್ತಿದ್ದ ಗಾಡಿ

ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಹೊಲಿಗೆ ಮಿಷನ್ನಿನ ಮುಂದೆ ಕೂತರೆ ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಅಂಗಳದಲ್ಲಿ ಅಪ್ಪನ ಹಳೆಯ ಮೋಟಾರ್ ಸೈಕಲ್ಲು. ಬಸ್ಸು ಓಡಿಸಿ ನಿವೃತ್ತನಾದ ಅಪ್ಪನಿಗೆ ಆ ಗಾಡಿಯ ಮೇಲೆ ಹೆತ್ತ ಮಕ್ಕಳ ಮೇಲಿನಷ್ಟೇ ಮಮತೆ. ಆಯಿಲ್ ಬದಲಿಸುವುದು, ಪ್ಲಗ್ಗು ಉಜ್ಜುವುದು, ಚೈನು ಬಿಗಿ ಮಾಡುವುದು ಎಲ್ಲವೂ ಅಪ್ಪ ಮತ್ತು ಅವಳು ಸೇರಿ ಮಾಡುತ್ತಿದ್ದ ಕೆಲಸ. ಹಾಲುಹಲ್ಲು ಬೀಳುವ ವಯಸ್ಸಿನಿಂದಲೂ ಅಪ್ಪ ಕೈ ಚಾಚಿದರೆ ಸಾಕು, ಯಾವ ಸ್ಪ್ಯಾನರ್ ಬೇಕೆಂದು ಅವಳಿಗೆ ತಿಳಿಯುತ್ತಿತ್ತು. ತಂಗಿಯೋ, ಗ್ರೀಸಿನ ವಾಸನೆಗೇ ಮೂಗು ಮುಚ್ಚಿಕೊಂಡು ಓಡುತ್ತಿದ್ದವಳು.

ಆ ತಂಗಿಗೆ ಮದುವೆಯಾಗಿ, ಗಂಡ ಹೆಂಡತಿ ಮೇಲಿನ ಕೋಣೆಯಲ್ಲೇ ಸಂಸಾರ ಹೂಡಿದರು. ಗಂಡ ಲಿಫ್ಟ್ ರಿಪೇರಿಯವನು, ಮಾತಿಗಿಂತ ಮೊದಲೇ ನಗುವವನು. ಈ ಸಲ ಗಾಡಿಯ ಸರ್ವೀಸಿಗೆ ಅಪ್ಪ ಕರೆದದ್ದು ಅವನನ್ನು.

“ಅಪ್ಪಾ, ನಾನು ಬರ್ಲಾ?” ಎಂದು ಕಿಟಕಿಯಿಂದ ಕೇಳಿದಳು.

“ನಿನಗೆ ಹೊಲಿಗೆ ರಾಶಿ ಬಿದ್ದಿದೆಯಲ್ಲಮ್ಮ. ಅಳಿಯ ಇದ್ದಾನಲ್ಲ ಬಿಡು.”

ಅವಳು ಪೆಡಲ್ ತುಳಿದಳು. ಹೊರಗೆ ಮಾವ ಅಳಿಯ ಕಾರ್ಬ್ಯುರೇಟರ್ ಬಿಚ್ಚಿ ತೊಳೆದರು, ಜೋಡಿಸಿದರು, ಅದೇನೋ ಹೇಳಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು. ನಡುವೆ ಅಪ್ಪ, “ಇಲ್ಲಿ ಹಿಡ್ಕೊ ಮಗಾ” ಎಂದದ್ದು ಕೇಳಿಸಿತು. ಅಪ್ಪ ಅಷ್ಟು ವರ್ಷ ಮಗಾ ಎಂದು ಕರೆದದ್ದು ಅವಳೊಬ್ಬಳನ್ನೇ. ಆ ದಿನ ಒಂದು ರವಿಕೆಯ ತೋಳನ್ನು ತಿರುವುಮುರುವಾಗಿ ಹೊಲಿದು, ಮತ್ತೆ ಕೂತು ಬಿಚ್ಚಿದಳು.

ಸರ್ವೀಸಾದ ಗಾಡಿ ಮೊದಲಿಗಿಂತ ಕೆಟ್ಟಿತು. ನಿಂತಲ್ಲೇ ಇದ್ದಕ್ಕಿದ್ದಂತೆ ಕಿರುಚುತ್ತಿತ್ತು. ಆಕ್ಸಿಲರೇಟರ್ ಕೊಟ್ಟರೆ ಮುಗ್ಗರಿಸಿ, ಸೈಲೆನ್ಸರಿನಲ್ಲಿ ಪಟಪಟ ಸಿಡಿಯುತ್ತಿತ್ತು. ಟೈಲರಕ್ಕನಿಗೆ ಒಳಗೊಳಗೇ ಹಿತವಾಯಿತು. ತಂಗಿಯ ಗಂಡ ಕೆಲಸಕ್ಕೆ ಹೋದ ಮೇಲೆ, ಅಪ್ಪ ಸ್ನಾನಕ್ಕೆ ಹೋದ ಹೊತ್ತು ನೋಡಿ ಗಾಡಿ ಸ್ಟಾರ್ಟ್ ಮಾಡಿದಳು. ಇಂಜಿನ್ನಿಗೂ ಕಾರ್ಬ್ಯುರೇಟರಿಗೂ ನಡುವಿನ ರಬ್ಬರ್ ಕೊಳವೆಯ ಹತ್ತಿರ ಸಣ್ಣಗೆ ಸುಯ್ಯೆನ್ನುವ ಸದ್ದು. ಹೆಬ್ಬೆರಳಿನಿಂದ ಒತ್ತಿದಳು, ಇಂಜಿನ್ ಸಾಧುವಾಯಿತು. ಬೆರಳು ತೆಗೆದಳು, ಮತ್ತೆ ಕಿರುಚಾಟ. ರಬ್ಬರಿಗೆ ಬಿಗಿದ ಪಟ್ಟಿ ಸಡಿಲವಾಗಿತ್ತು, ಆ ಸಂದಿನಿಂದ ಗಾಡಿ ಗಾಳಿ ಎಳೆಯುತ್ತಿತ್ತು. ಸ್ಕ್ರೂ ಎರಡು ಸುತ್ತು ತಿರುಗಿಸಿದ್ದರೆ ಮುಗಿಯುತ್ತಿತ್ತು.

ಅವಳು ತಿರುಗಿಸಲಿಲ್ಲ. ಗಾಡಿ ಆರಿಸಿ, ಬೆರಳು ಒರೆಸಿಕೊಂಡು ಒಳಗೆ ಹೋದಳು. ಒದ್ದಾಡಲಿ ಅಳಿಯ ಮಹಾಶಯ. ಹಿತ್ತಲ ಗಿಡ ಮದ್ದಲ್ಲ ಎಂದವರು ಹುಡುಕಿಕೊಂಡು ಬಂದಾಗ ನೋಡೋಣ.

ಯಾರೂ ಬರಲಿಲ್ಲ. ದಿನಾ ಸಂಜೆ ಮಾವ ಅಳಿಯ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಪ್ಲಗ್ಗು ನೋಡಿದರು, ಪೆಟ್ರೋಲ್ ಪೈಪು ಊದಿದರು. ಅಪ್ಪ ತನ್ನ ಬಸ್ಸಿನ ಕಾಲದ ಕಥೆಗಳನ್ನೆಲ್ಲ ಮತ್ತೊಮ್ಮೆ ಬಿಚ್ಚಿದ. ಅವಳು ಬಾಯಿಪಾಠವಾಗುವಷ್ಟು ಸಲ ಕೇಳಿದ್ದ ಕಥೆಗಳಿಗೆ ಅಳಿಯ ಹೊಸದಾಗಿ ನಕ್ಕ. ಗಾಡಿ ಕೆಟ್ಟಷ್ಟೂ ಅವರಿಬ್ಬರೂ ಹತ್ತಿರವಾದರು. ಅವಳ ಹೊಟ್ಟೆಯ ಕಿಚ್ಚಿಗೆ ಸೌದೆ ಹಾಕುತ್ತಿದ್ದವಳು ಅವಳೇ.

ಒಂದು ಮಧ್ಯಾಹ್ನ ಅಪ್ಪ ಗಾಡಿಯನ್ನು ತಳ್ಳಿಕೊಂಡು ಬಂದ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ದೊಡ್ಡ ರಸ್ತೆಯ ತಿರುವಿನಲ್ಲೇ ಗಾಡಿ ನಿಂತಿತ್ತಂತೆ. ಹಿಂದೆ ಬರುತ್ತಿದ್ದ ಬಸ್ಸಿನ ಡ್ರೈವರ್, “ಯಜಮಾನ್ರೇ, ಮನೇಲಿರಬಾರ್ದಾ?” ಎಂದನಂತೆ. ಅಪ್ಪ ನೀರನ್ನೂ ಕೇಳದೆ ಹೋಗಿ ಮಲಗಿದ.

ತಾನು ತಿರುಗಿಸದೆ ಬಿಟ್ಟ ಸ್ಕ್ರೂ ಅವಳ ಕಣ್ಣ ಮುಂದೆ ಬಂತು. ಆದರೂ ಸಿಟ್ಟು ತಿರುಗಿದ್ದು ತಂಗಿಯ ಗಂಡನ ಮೇಲೆ. ಸಂಜೆ ಅವನು ಗೇಟು ತೆಗೆಯುತ್ತಿದ್ದಂತೆಯೇ ತಡೆದಳು.

“ರಬ್ಬರ್ ಹತ್ರ ಗಾಳಿ ಎಳೀತಿದೆ. ಲಿಫ್ಟ್ ರಿಪೇರಿ ಮಾಡೋರಿಗೆ ಅಷ್ಟೂ ಕಾಣಲ್ವಾ?”

“ಕಾಣ್ತು ಅಕ್ಕಾ. ಮಾರನೇ ದಿನವೇ ಕಾಣ್ತು.”

“ಮತ್ತೆ?”

ಅವನು ಅಪ್ಪನ ಕೋಣೆಯ ಕಡೆ ನೋಡಿ ದನಿ ತಗ್ಗಿಸಿದ. “ಆ ಸ್ಕ್ರೂ ಬಿಗಿ ಮಾಡಿದ್ದು ಮಾವನೇ. ಅವರ ಬೆರಳಲ್ಲಿ ಹಿಡಿತ ಇಲ್ಲ, ಮರಗಟ್ಟಿದ ಹಾಗಾಗುತ್ತಂತೆ. ನಾನು ಬಿಗಿ ಮಾಡಿಬಿಟ್ರೆ ಅವರಿಗೆ ಗೊತ್ತಾಗುತ್ತಲ್ಲ? ಅವರಿಲ್ಲದಾಗ ಮಾಡೋಣ ಅಂತಿದ್ದೆ. ಅವರು ಗಾಡಿ ಪಕ್ಕ ಬಿಟ್ಟು ಏಳೋದೇ ಇಲ್ಲ! ಆದ್ರೂ ಓಡಿಸೋಕೆ ಬಿಡಬಾರ್ದಿತ್ತು, ತಪ್ಪಾಯ್ತು.”

“ಬೆರಳಿನ ವಿಷಯ ನಿಮಗೆ ಹೇಳಿದ್ರಾ?”

“ನಿಮಗೆ ಹೇಳಬೇಡ ಅಂದ್ರು. ನೀವು ಹೆದರಿಕೊಂಡು ಗಾಡಿ ಮುಟ್ಟೋಕೇ ಬಿಡಲ್ಲ ಅಂತ.”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು. ನಗು, ಕಥೆ ಹಂಚಿಕೊಂಡದ್ದನ್ನು ಹೇಗೋ ನುಂಗಬಹುದಿತ್ತು. ಅಪ್ಪ ತನ್ನ ನೋವನ್ನೂ ನಿನ್ನೆ ಮೊನ್ನೆ ಬಂದವನ ಕೈಗಿಟ್ಟಿದ್ದ. ನಂತರ ಹೊಳೆಯಿತು: ಇವನು ಸುಮ್ಮನಿದ್ದದ್ದು ಅಪ್ಪನ ಮಾನ ಕಾಯಲು. ತಾನು ಸುಮ್ಮನಿದ್ದದ್ದು? ಅವಳು ಒಳಗೆ ನಡೆದಳು.

ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ಮಂಚದ ಅಂಚಿನಲ್ಲಿ ಕೂತು ಅವನ ಬಲಗೈಯನ್ನು ತೊಡೆಯ ಮೇಲೆಳೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ನೀವಿದಳು.

“ಹೇಳಿಬಿಟ್ನಾ ಅವನು?”

“ನನಗೆ ಯಾಕಪ್ಪಾ ಹೇಳ್ಲಿಲ್ಲ?”

“ಅವನ ಮುಂದೆ ಮುದುಕ ಆದ್ರೆ ಪರವಾಗಿಲ್ಲ,” ಎಂದ ಅಪ್ಪ ಗೋಡೆಯನ್ನೇ ನೋಡುತ್ತ. “ನಿನ್ನ ಮುಂದೆ ಆಗೋಕೆ ಮನಸ್ಸು ಬರಲ್ಲ.”

“ಗಾಡೀಲಿ ಏನು ಕೆಟ್ಟಿದೆ ಅಂತ ನಂಗೂ ಗೊತ್ತಿತ್ತು. ಬೇಕಂತಲೇ ಬಾಯಿ ಬಿಡ್ಲಿಲ್ಲ.”

ಅಪ್ಪ ತಿರುಗಿ ಅವಳ ಮುಖ ನೋಡಿದ. ಬಯ್ಯಲಿಲ್ಲ. “ಹೊಟ್ಟೆಕಿಚ್ಚಾ?” ಎಂದ.

“ಹೂಂ.”

“ನಿಮ್ಮಮ್ಮನಿಗೂ ಇತ್ತು, ಆ ಗಾಡಿ ಮೇಲೆ,” ಎಂದು ನಕ್ಕು ಎದ್ದು ಕೂತ. “ನಡಿ, ಸ್ಕ್ರೂಡ್ರೈವರ್ ತಗೊ.”

ಅವಳು ಬಿಗಿ ಮಾಡಿದಳು. ಅಪ್ಪ ಟಾರ್ಚು ಹಿಡಿದ. ಗಾಡಿ ಒಂದೇ ಒದೆತಕ್ಕೆ ಎದ್ದು, ಹಳೆಯ ಗತ್ತಿನಲ್ಲಿ ಗುಡುಗುಡು ಎಂದಿತು. ಅಪ್ಪ ಹಿಂದಿನ ಸೀಟಿಗೆ ಹತ್ತಿ, “ನೀನೇ ಓಡಿಸು” ಎಂದು ಅವಳ ಭುಜ ಹಿಡಿದುಕೊಂಡ. ದೊಡ್ಡ ರಸ್ತೆಯವರೆಗೂ ಗಾಡಿ ಎಲ್ಲಿಯೂ ಮುಗ್ಗರಿಸಲಿಲ್ಲ. ತಿರುವು ದಾಟುತ್ತಿದ್ದಂತೆ ಅಪ್ಪ ಕಿವಿಯ ಹತ್ತಿರ ಬಾಗಿ, “ಮುಂದಿನ ಸಲ ಬ್ರೇಕು ಬಿಚ್ಚೋಣ. ಅಳಿಯನಿಗೆ ಅದರದ್ದು ಚೆನ್ನಾಗಿ...” ಎನ್ನುತ್ತಿದ್ದ.

ಅವಳು ಆಕ್ಸಿಲರೇಟರ್ ಇನ್ನಷ್ಟು ತಿರುಗಿಸಿದಳು. ಉಳಿದ ಮಾತು ಇಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ.