ನಡುನೀರಿನಲ್ಲಿ ನಿಲ್ಲುವುದು

ಬ್ಯಾಡಗಿಯಲ್ಲಿ ಏಪ್ರಿಲ್ ಬಂತೆಂದರೆ ಹುಡುಗರು ಮಧ್ಯಾಹ್ನ ಮನೆಯಲ್ಲಿ ಇರುವುದಿಲ್ಲ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರೆ ಕ್ರಿಕೆಟ್ ಎನ್ನುತ್ತಾರೆ. ಸಂಜೆ ತಿರುಗಿ ಬಂದಾಗ ತಲೆಗೂದಲು ಒದ್ದೆ ಇರುತ್ತದೆ. ಕೆರೆಗೆ ಹೋಗಿದ್ದರೋ, ಕಲ್ಲು ತೆಗೆದು ಬಿಟ್ಟ ಕ್ವಾರಿಗೆ ಹೋಗಿದ್ದರೋ, ಯಾರದೋ ಹೊಲದ ಕೃಷಿಹೊಂಡಕ್ಕೆ ಇಳಿದಿದ್ದರೋ ತಾಯಂದಿರಿಗೆ ತಿಳಿಯುವುದಿಲ್ಲ. ಒದ್ದೆ ತಲೆಯಾದರೂ ಮನೆಗೆ ಬಂತಲ್ಲ ಎಂದು ನಾಲ್ಕು ಮಾತು ಬೈದು ಸುಮ್ಮನಾಗುತ್ತಾರೆ.

ನಮ್ಮ ಮನೆಯಲ್ಲಿ ಆ ಬೈಗುಳ ಇರಲಿಲ್ಲ. ನಮ್ಮ ಸ್ನೇಹಾ ನೀರಿನ ಹತ್ತಿರ ಹೋಗುವಂತೆಯೇ ಇರಲಿಲ್ಲ. ಅದು ಅವಳ ತಂದೆಯ ಕಟ್ಟಪ್ಪಣೆ.

ಸ್ನೇಹಾಳ ತಂದೆ ಕೊಟ್ರಪ್ಪ ನನ್ನ ಗಂಡನ ಅಣ್ಣ, ನನಗೆ ಭಾವ. ಮೆಣಸಿನಕಾಯಿ ಪೇಟೆಯಲ್ಲಿ ಅವರದೊಂದು ದಲಾಲಿ ಅಂಗಡಿ ಇದೆ. ಮನೆಯಲ್ಲಿ ಅವರು, ಅವರ ಹೆಂಡತಿ ಸುಚಿತ್ರಕ್ಕ, ಒಂಬತ್ತನೆಯ ತರಗತಿ ಮುಗಿಸಿದ ಮಗಳು ಸ್ನೇಹಾ, ನಮ್ಮ ಅತ್ತೆ ಹೊಳಿಯವ್ವ ಮತ್ತು ನಾನು. ನಾನು ಹಾವೇರಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ.

ನನ್ನ ಗಂಡ ವೀರೇಂದ್ರ ಎರಡು ವರ್ಷದ ಹಿಂದೆ ಸಂಕ್ರಾಂತಿಯ ದಿನ ಗೆಳೆಯರ ಜೊತೆ ಗುತ್ತಲದ ಕಡೆ ಹೊಳೆಗೆ ಹೋಗಿದ್ದರು. ಬುತ್ತಿ ಬಿಚ್ಚುವ ಮೊದಲು ತುಂಗಭದ್ರೆಯಲ್ಲಿ ಈಜಲು ಇಳಿದರು. ಆಚೆಯ ಮರಳ ದಿಬ್ಬ ಮುಟ್ಟಿದರು. ತಿರುಗಿ ಬರುವಾಗ ನಡುವೆ ಮುಳುಗಿದರು. ದಡದಲ್ಲಿದ್ದ ಗೆಳೆಯರು ಆಮೇಲೆ ಹೇಳಿದ್ದು ಇಷ್ಟು: “ಕೂಗಲೇ ಇಲ್ರಿ. ಆ ಕಡೆ ಈ ಕಡೆ ನೋಡಾಕತ್ತಿದ್ದ, ಏನೋ ಹುಡುಕಿದಂಗ. ಆಟ ಆಡಾಕತ್ತಾನ ಅನಕೊಂಡ್ವಿ.”

ಅವರಿಗೆ ಈಜು ಬರುತ್ತಿತ್ತು. ಚೆನ್ನಾಗಿಯೇ ಬರುತ್ತಿತ್ತು. ಊರಿನ ಹೊಲದ ಬಾವಿಯಲ್ಲಿ ಅದನ್ನು ಕಲಿಸಿದವರು ಭಾವನವರು.

ಈ ಬೇಸಿಗೆಯಲ್ಲಿ ಹಾವೇರಿಯ ಈಜುಕೊಳದಲ್ಲಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರಿನ ಮಕ್ಕಳಿಗೆ ಈಜು ಮತ್ತು ವಾಟರ್ ಪೋಲೊ ಕಲಿಸುತ್ತಾರೆಂದು ಕಾಲೇಜಿನಲ್ಲಿ ತಿಳಿಯಿತು. ವಾಟರ್ ಪೋಲೊ ಎಂದರೆ ನೀರಿನಲ್ಲಿ ಆಡುವ ಚೆಂಡಾಟ. ಎರಡು ತಂಡ, ಎರಡು ಗೋಲು. ಈಜುತ್ತ ಹೋಗಿ ಒಂದೇ ಕೈಯಲ್ಲಿ ಚೆಂಡು ಹಿಡಿದು ಎಸೆಯಬೇಕು. ನಾನು ಸ್ನೇಹಾಳಿಗೆ ಹೇಳಿದೆ. ಅವಳು ಸಂಜೆ ಊಟದ ಹೊತ್ತಿಗೆ ಬಾಯಿ ಬಿಟ್ಟಳು.

“ಅಪ್ಪಾ, ಹಾವೇರ್ಯಾಗ ಈಜು ಕಲಸ್ತಾರಂತ. ಚಿಗವ್ವನ ಕೂಡ ಬಸ್ಸಿಗೆ ಹೋಗಿ ಬರ್ಲೇನು?”

ಭಾವ ರೊಟ್ಟಿ ಮುರಿಯುತ್ತಿದ್ದರು. “ಈಜು ಕಲತು ಏನ್ ಮೀನಾ ಹಿಡೀತಿ?”

“ಚೆಂಡಾಟಾನೂ ಕಲಸ್ತಾರಪ್ಪಾ.”

“ಚೆಂಡಾಟಕ್ಕ ಭೂಮಿ ಮ್ಯಾಲ ಜಾಗಾ ಇಲ್ಲೇನು? ನೀರಾಗ ಯಾಕ ಆಡಬೇಕು?”

ಸುಚಿತ್ರಕ್ಕನಿಗೆ ಬೇರೆಯೇ ಚಿಂತೆ. “ಹತ್ತನೇತ್ತಕ್ಕ ಹೊಂಟ ಹುಡುಗಿ. ಚಡ್ಡಿ ಹಾಕ್ಕೊಂಡು ಮಂದಿ ಮುಂದ ಇಳೀತಾಳೇನು? ನಾಳೆ ಯಾರರೆ ಏನರೆ ಅಂದ್ರ?”

“ಕೈಕಾಲು ಪೂರ್ತಿ ಮುಚ್ಚೂ ಅರಿವಿ ಇರ್ತಾವ್ರಿ ಅಕ್ಕಾರ,” ಎಂದೆ. “ಹುಡುಗ್ಯಾರಿಗೆ ಬ್ಯಾರೆ ವೇಳೆ ಇಟ್ಟಾರ. ಕಲಸಾಕಿ ಸಲ್ಮಾ ಅಂತ. ಅಕೀನೂ ಹಂತಾ ಅರಿವೀನಽ ಹಾಕ್ಕೊಂಡು ಇಳೀತಾಳ.”

ಭಾವ ತಾಟು ಸರಿಸಿದರು. “ಇಲ್ಲಿ ಕೇಳ್ರಿ ಎಲ್ಲಾರೂ. ಈಜು ಬಾರದಾಂವ ನೀರಿಗೆ ಇಳಿಯೂದಽ ಇಲ್ಲ. ದಂಡಿ ಮ್ಯಾಲ ಮುಖಾ ತೊಳಕೊಂಡು ಮನೀಗೆ ಬರ್ತಾನ. ನಡುವ ಹೋಗಾಂವ ಈಜು ಬಂದಾಂವ. ಸಾಯಾಂವನೂ ಅವನಽ.”

ಮೂಲೆಯಲ್ಲಿ ಕುಳಿತಿದ್ದ ಅತ್ತೆ ಕೇಳಿದರು. ಹೊಳೆಯ ದಂಡೆಯ ಊರಲ್ಲಿ ಹುಟ್ಟಿದವರು ಅವರು. ಹೆಸರೂ ಅದರದೇ.

“ಕೊಟ್ರಾ, ಮನ್ನೆ ಆ ಕ್ವಾರ್ಯಾಗ ಒಂದ್ ಕೂಸು ಹೋತಲ್ಲ, ಅದಕ್ಕ ಈಜು ಬರ್ತಿತ್ತೇನು?”

“ಇಲ್ಲವ್ವ.”

“ಮತ್ತ್ಯಾಕ ಇಳೀತು?”

“ಇಳೀಲಿಲ್ಲ. ದಂಡಿ ಮ್ಯಾಲ ನಿಂತಿತ್ತಂತ. ಕಾಲು ಜಾರಿತಂತ.”

“ಕಾಲು ಜಾರಾಕ ಈಜು ಬರಬೇಕಂತೇನಿಲ್ಲ ಹಂಗಾರ.”

ಭಾವ ಕೈ ತೊಳೆಯಲು ಎದ್ದರು. ಅತ್ತೆ ಬಿಡಲಿಲ್ಲ.

“ಹೋಗಿ ನೋಡಿ ಬಾ. ನೋಡಿ ಬ್ಯಾಡ ಅಂದ್ರ ನಾನೂ ಬ್ಯಾಡ ಅಂತೀನಿ. ನೋಡದ ಅನಬ್ಯಾಡ.”

ಭಾನುವಾರ ಬೆಳಿಗ್ಗೆ ಭಾವ, ಸ್ನೇಹಾ, ನಾನು ಹಾವೇರಿ ಬಸ್ಸು ಹತ್ತಿದೆವು. ಭಾವ ದಾರಿಯುದ್ದ ಕಿಟಕಿಯ ಆಚೆ ನೋಡುತ್ತ ಕುಳಿತಿದ್ದರು. ಈಜುಕೊಳದ ಗೇಟಿನಲ್ಲಿ ಒಂದು ಕ್ಷಣ ನಿಂತರು. ಎರಡು ವರ್ಷದಿಂದ ಅವರು ಅಷ್ಟು ನೀರು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಆಳದ ಕಡೆ ರಾಣೆಬೆನ್ನೂರು ಮತ್ತು ಹಾವೇರಿಯ ಹುಡುಗರು ಆಡುತ್ತಿದ್ದರು. ಅಶ್ಫಾಕ ಎಂಬ ತರುಣ ಕೊರಳಲ್ಲಿ ಸೀಟಿ ಹಾಕಿಕೊಂಡು ದಂಡೆಯ ಮೇಲೆ ಓಡಾಡುತ್ತಿದ್ದ. ಆಟ ಕಲಿಸುವವನು ಅವನೇ; ಮೆಣಸಿನಕಾಯಿ ಪೇಟೆಯ ಭಾವನವರನ್ನು ಕರೆತರುತ್ತೇನೆಂದು ಅವನಿಗೆ ಮೊದಲೇ ತಿಳಿಸಿದ್ದೆ. ಸಲ್ಮಾ ಅವನ ತಂಗಿ. ಅಷ್ಟರಲ್ಲಿ ಒಬ್ಬ ಹುಡುಗ ದಣಿದು ಕೊಳದ ಗೋಡೆ ಹಿಡಿದುಕೊಂಡ. ಅಶ್ಫಾಕ ಸೀಟಿ ಊದಿ ಚೆಂಡನ್ನು ಎದುರು ತಂಡಕ್ಕೆ ಕೊಡಿಸಿದ.

ಭಾವನವರಿಗೆ ಸಿಟ್ಟು ಬಂತು. “ಏ ಮಾಸ್ತರ! ಆ ಹುಡುಗ ದಣದೈತಿ. ಒಂದ್ ಚೂರು ಗ್ವಾಡಿ ಹಿಡಕೊಂಡ್ರ ನಿನ್ನ ಗಂಟೇನ್ ಹೋಗತೈತಿ?”

“ಆಟದ ಕಾಯ್ದೇನಽ ಹಂಗ ಐತ್ರಿ ಅಂಕಲ್,” ಅಶ್ಫಾಕ ನಕ್ಕ. “ಗ್ವಾಡಿ ಹಿಡಿಯಂಗಿಲ್ಲ. ತಳಕ್ಕ ಕಾಲು ಊರಂಗಿಲ್ಲ. ತೀರಾ ಆಗಲಿಲ್ಲಂದ್ರ ಆಟ ಬಿಟ್ಟು ಹೊರಗ ಬರಬೇಕು. ಎತ್ತಾಕ ಮ್ಯಾಲ ಮಂದಿ ಅದಾರ.”

“ಆಟದಾಗ ಇದ್ದುಕೊಂಡು ದಣದಾಂವ ಏನ್ ಮಾಡ್ಬೇಕು?”

“ಅಲ್ಲೇ ನಿಂದ್ರಬೇಕ್ರಿ. ನಡುನೀರಾಗ. ಉಸಿರು ತಗೋಬೇಕು, ಮತ್ತ ಆಡಬೇಕು.”

“ನೀರಾಗ ನಿಂದ್ರೂದು!” ಭಾವನವರೂ ನಕ್ಕರು. “ನಾ ಸಣ್ಣಾಂವ ಇದ್ದಾಗಿಂದ ಬಾವ್ಯಾಗ ಹಾರೇನಿ. ನನಗ ಹೇಳ್ತಿ?”

“ಹಂಗಾರ ಇಳೀರಿ, ನೋಡೂನು.”

“ಅರಿವಿ ತಂದಿಲ್ಲ.”

“ನಾ ಕೊಡ್ತೀನ್ರಿ. ಟೊಪಗೀನೂ ಕೊಡ್ತೀನಿ. ಆದ್ರ ಮೊದಲ ಆ ನಳದ ಕೆಳಗ ಮೈ ತೊಳಕೋರಿ. ಮೆಣಸಿನಕಾಯಿ ಪ್ಯಾಟ್ಯಾಗಿನವರು ಹಂಗಽ ಇಳಿದ್ರ ಹುಡುಗೂರ ಕಣ್ಣು ಉರೀತಾವ.”

ಹುಡುಗರೆಲ್ಲ ಹೋ ಎಂದರು. ಭಾವ ಸ್ನೇಹಾಳ ಮುಖ ನೋಡಿದರು. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, “ಇಳೀ ಅಪ್ಪಾ,” ಎಂದಳು.

ಅಶ್ಫಾಕ ಹುಡುಗರನ್ನು ಒಂದು ಕಡೆ ಸರಿಸಿದ. ಭಾವ ಮಂಡಿ ಮಡಚಿ ಹಾರಿದರು. ನೀರು ಎದ್ದು ನಮ್ಮ ಕಾಲಿನ ತನಕ ಬಂತು. ಆಮೇಲೆ ತಲೆ ಎತ್ತಿ, ಬೀಸು ಕೈ ಹಾಕುತ್ತ ಈ ಗೋಡೆಯಿಂದ ಆ ಗೋಡೆಗೆ ಹೋದರು. ಮುಟ್ಟಿ ತಿರುಗಿ ಬಂದರು. ಹುಡುಗರು ಸೀಟಿ ಹೊಡೆದರು. ಸ್ನೇಹಾ ತನ್ನ ತಂದೆ ಈಜುವುದನ್ನು ಮೊದಲ ಸಲ ನೋಡುತ್ತಿದ್ದಳು.

“ಭಾಳ ಚಲೋ ಈಜ್ತೀರಿ,” ಎಂದ ಅಶ್ಫಾಕ. ತೇಲುವ ಟ್ಯೂಬೊಂದನ್ನು ಕೈಯಲ್ಲಿ ಹಿಡಿದು ದಂಡೆಗುಂಟ ಬಂದ. “ಈಗ ನಡುವ ಹೋಗ್ರಿ. ಹೋಗಿ ನಿಂದ್ರಿ. ಎಲ್ಲೂ ಹೋಗಬ್ಯಾಡ್ರಿ.”

ಭಾವ ನಡುವೆ ಹೋಗಿ ನಿಂತರು. ಕೈ ನೀರನ್ನು ಬಡಿಯತೊಡಗಿದವು. ಕಾಲು ಕೆಳಗೆ ಏನನ್ನೋ ಮೆಟ್ಟಲು ನೋಡಿದವು. ಗದ್ದ ನೀರೊಳಗೆ ಹೋಯಿತು. ಅವರು ಆ ಕಡೆ ನೋಡಿದರು, ಈ ಕಡೆ ನೋಡಿದರು. ಥಟ್ಟನೆ ತಿರುಗಿ ನಾಲ್ಕು ಕೈ ಹೊಡೆದು ಗೋಡೆ ಹಿಡಿದುಕೊಂಡರು.

“ಇನ್ನೊಮ್ಮೆ,” ಎಂದು ತಾವೇ ಹೇಳಿದರು.

ಇನ್ನೊಮ್ಮೆಯೂ ಹಾಗೆಯೇ ಆಯಿತು. ಮತ್ತೆ ಹೋಗಲಿಲ್ಲ. ಗೋಡೆ ಹಿಡಿದು ಏದುಸಿರು ಬಿಡುತ್ತ ಅಲ್ಲಿಯೇ ಉಳಿದರು.

ಅಶ್ಫಾಕ ಅವರ ಮುಂದೆ ಕುಕ್ಕರಗಾಲಲ್ಲಿ ಕುಳಿತ. “ಬಾವ್ಯಾಗ ಕಲತವರು ಎಲ್ಲಾರೂ ಹಿಂಗಽ ರೀ. ನಾನೂ ಹಿಂಗಽ ಇದ್ದೆ. ಬಾವಿ ಅಂದ್ರ ಎಷ್ಟು ದೊಡ್ಡದು? ನಾಕ್ ಕೈ ಹೊಡದ್ರ ಗ್ವಾಡಿ, ಇಲ್ಲಂದ್ರ ಮೆಟ್ಲ. ನಡುವ ನಿಂದ್ರೂ ಪ್ರಸಂಗಽ ಬರೂದಿಲ್ಲ. ಹೊಳ್ಯಾಗ ಗ್ವಾಡಿ ಇರೂದಿಲ್ರಿ ಅಂಕಲ್.”

ಅವನಿಗೆ ನಮ್ಮ ಮನೆಯ ಸುದ್ದಿ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ.

ಭಾವ ಮೇಲೆ ಬಂದು ಕಟ್ಟೆಯ ಮೇಲೆ ಕುಳಿತರು. ಟವೆಲ್ ಕೊಟ್ಟೆ. ಹಿಡಿದುಕೊಂಡರು, ಒರೆಸಿಕೊಳ್ಳಲಿಲ್ಲ.

“ಭುವನಾ.”

ಅವರು ನನ್ನ ಹೆಸರು ಹಿಡಿದು ಕರೆಯುವುದು ಕಡಿಮೆ. “ಏನ್ರಿ ಭಾವಾರ?”

“ಬಾವ್ಯಾಗ ಅವಂಗ ನಾ ಒಂದಽ ಮಾತು ಹೇಳ್ತಿದ್ದೆ. ದಣಿದ್ರ ಮೆಟ್ಲ ಹಿಡಿ. ದಿನಾ ಅದನ್ನಽ ಹೇಳ್ತಿದ್ದೆ.”

ಹೊಳೆಯ ನಡುವೆ ನನ್ನ ಗಂಡ ಆ ಕಡೆ ಈ ಕಡೆ ನೋಡುತ್ತ ಏನು ಹುಡುಕಿದರೆಂದು ಆಗ ನನಗೆ ತಿಳಿಯಿತು. ಭಾವನವರಿಗೆ ನನಗಿಂತ ಮೊದಲೇ ತಿಳಿದಿತ್ತು.

“ನಿಮಗ ಬರ್ತಿದ್ದಷ್ಟು ಕಲಿಸೀರಿ,” ಎಂದೆ. “ಉಳದದ್ದು ಇಲ್ಲಿ ಕಲಸ್ತಾರ.”

ಅವರು ಟವೆಲ್ಲಿನಿಂದ ತಲೆ ಒರೆಸಿಕೊಂಡು ಕೂಗಿದರು. “ಏ ಮಾಸ್ತರ, ಆ ನಿಂದ್ರೂದು ದೊಡ್ಡವರಿಗೂ ಕಲಸ್ತೀಯೇನು?”

“ಕಲಸ್ತೀನ್ರಿ. ಹುಡುಗೂರು ನಗ್ತಾವ, ನೋಡ್ರಿ ಮತ್ತ.”

“ನಗಲಿ. ಮೊದಲ ನನ್ನ ಮಗಳಿಗೆ ಕಲಸು.”

ಮರುದಿನದಿಂದ ಹುಡುಗಿಯರ ವೇಳೆಯಲ್ಲಿ ಸಲ್ಮಾ ಸ್ನೇಹಾಳನ್ನು ಮೊದಲು ಎದೆಮಟ್ಟದ ನೀರಿಗೆ ಇಳಿಸಿದಳು. ಮುಖ ಮುಳುಗಿಸಿ ಉಸಿರು ಬಿಡುವುದು, ಅಂಗಾತ ಮಲಗಿ ತೇಲುವುದು ಕಲಿಸಿದಳು. ಆಮೇಲೆ ಈಜು. ಅದಾದ ಮೇಲೆ ನಿಲ್ಲುವುದು. “ಮಜ್ಜಿಗಿ ಕಡದಂಗ ಕಾಲು ತಿರುವು. ಒಂದಾದ ಮ್ಯಾಲ ಒಂದು. ಅವಸರ ಮಾಡಬ್ಯಾಡ,” ಎನ್ನುತ್ತಿದ್ದಳು. ಸುಚಿತ್ರಕ್ಕ ಒಂದು ದಿನ ಬಂದು ನೋಡಿದರು. ಅರಿವೆಯ ಮಾತು ಮತ್ತೆ ತೆಗೆಯಲಿಲ್ಲ. “ನಮ್ಮ ಓಣಿ ಹುಡುಗ್ಯಾರೂ ಬರಬಹುದೇನು?” ಎಂದು ಸಲ್ಮಾಳನ್ನು ಕೇಳಿದರು.

ಚೆಂಡು ಕೈಗೆ ಕೊಡುವ ಮೊದಲು ಸಲ್ಮಾ ಎಲ್ಲ ಹುಡುಗಿಯರನ್ನೂ ಕೂರಿಸಿಕೊಂಡು ಹೇಳಿದ ಮಾತನ್ನು ನಾನೂ ಕೇಳಿದೆ. “ಮುಳುಗಾಂವ ಕೂಗೂದಿಲ್ಲ, ನೆನಪಿಡ್ರಿ. ಬಾಯಾಗ ನೀರಿರ್ತದ, ಕೂಗಾಕ ಉಸಿರು ಎಲ್ಲಿಂದ ಬರಬೇಕು? ಸುಮ್ಮನ ಆ ಕಡೆ ಈ ಕಡೆ ನೋಡಾಕತ್ತಿದ್ರ ಆಟ ಅನಬ್ಯಾಡ್ರಿ. ಹಂಗಂತ ನೀವು ಹಾರಬ್ಯಾಡ್ರಿ. ಅಂವ ನಿಮ್ಮ ಕೊರಳಿಗೆ ಬೀಳ್ತಾನ, ಇಬ್ಬರೂ ಹೋಗ್ತೀರಿ. ಹಗ್ಗ ಒಗೀರಿ, ಸೀರಿ ಒಗೀರಿ, ಮುಚ್ಚಳಾ ಬಿಗಿದ ಖಾಲಿ ಕ್ಯಾನ್ ಒಗೀರಿ. ಮಂದೀನ್ನ ಕೂಗಿ ಕರೀರಿ.”

ಮೇ ತಿಂಗಳ ಕೊನೆಯಲ್ಲಿ ಮೂರೂ ಊರಿನ ಮಕ್ಕಳ ಆಟ ಇಟ್ಟರು. ಅತ್ತೆ ತಾವೂ ಬರುತ್ತೇನೆಂದರು. ಸೆರಗು ತಲೆಯ ಮೇಲೆ ಎಳೆದುಕೊಂಡು ಭಾವನವರ ಪಕ್ಕದಲ್ಲಿ ಕುಳಿತರು. ನೀರನ್ನು ನೇರವಾಗಿ ನೋಡಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ನಮ್ಮ ಬ್ಯಾಡಗಿ ತಂಡ ಹಿಂದಿತ್ತು. ಸ್ನೇಹಾ ಒಂದು ಗೋಲಿನಿಂದ ಇನ್ನೊಂದು ಗೋಲಿನ ತನಕ ಈಜಿ ಈಜಿ ದಣಿದಳು. ನಡುವೆ ನಿಂತಳು. ಅವಳು ಗೋಡೆಯ ಕಡೆ ಒಮ್ಮೆ ನೋಡಿದ್ದನ್ನು ನಾನು ಕಂಡೆ. ಭಾವನವರೂ ಕಂಡರು. ಅವರ ಕೈ ಕಟ್ಟೆಯ ಅಂಚನ್ನು ಹಿಡಿದಿತ್ತು.

“ಕೂಸು ದಣದೈತೋ ಕೊಟ್ರಾ,” ಎಂದರು ಅತ್ತೆ.

ಸ್ನೇಹಾ ಗೋಡೆಗೆ ಹೋಗಲಿಲ್ಲ. ಅಲ್ಲೇ ನಿಂತು ಕಾಲು ತಿರುವುತ್ತ ಉಸಿರು ತೆಗೆದುಕೊಂಡಳು. ತಲೆ ನೀರಿನ ಮೇಲೆ ಅಲುಗದೆ ಇತ್ತು. ಆಮೇಲೆ ಚೆಂಡಿಗಾಗಿ ಕೈ ಎತ್ತಿದಳು.

“ದಣೀಲಿ ಬಿಡವ್ವ,” ಎಂದರು ಭಾವ. “ನಿಂದ್ರಾಕ ಬರ್ತೈತಿ ಅಕಿಗೆ.”

ಓದುತ್ತಿರುವ, ಕೇಳುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಮನೆಗೂ ಸಂಜೆ ಒದ್ದೆ ತಲೆಯ ಮಕ್ಕಳು ಬರುತ್ತಿರಬಹುದು. ಬೈದು ಸುಮ್ಮನಾಗಬೇಡಿ. ನೀರಿನಿಂದ ದೂರ ಇಟ್ಟರೆ ಮಗು ಉಳಿಯುತ್ತದೆ ಎಂದೂ ನಂಬಬೇಡಿ. ಕೆರೆ, ಕಾಲುವೆ, ಹೊಂಡ ನಮ್ಮ ಊರುಗಳ ಸುತ್ತ ಎಲ್ಲ ಕಡೆ ಇವೆ. ನಿಮಗೆ ಬಾವಿಯ ಈಜು ಬರುತ್ತಿದ್ದರೆ ಸಂತೋಷ. ಅದಷ್ಟೇ ಸಾಕೆಂದು ಮಕ್ಕಳನ್ನು ಹೊಳೆಗೆ ಬಿಡಬೇಡಿ. ಈಜು ಬಂದವರೂ ಒಬ್ಬರೇ ನೀರಿಗೆ ಇಳಿಯಬಾರದು. ಹೊಳೆ ತುಂಬಿದಾಗ ಯಾರೂ ಇಳಿಯಬಾರದು.

ನಿಮ್ಮ ಊರಿನಲ್ಲಿ, ಹತ್ತಿರದ ಊರಿನಲ್ಲಿ ತಿಳಿದವರು ಈಜು ಕಲಿಸುತ್ತಿದ್ದರೆ ಮಗನನ್ನೂ ಮಗಳನ್ನೂ ಕಳುಹಿಸಿ. ಕಲಿಸುವವರಿಲ್ಲದಿದ್ದರೆ ನಾಲ್ಕು ಮನೆಯವರು ಸೇರಿ ಹೋಗಿ ನಗರಸಭೆಯಲ್ಲಿ, ಪುರಸಭೆಯಲ್ಲಿ ಕೇಳಿ. ಮೊದಲ ದಿನ ನೀವೂ ಜೊತೆಗೆ ಹೋಗಿ ನೋಡಿ. ನಿಮ್ಮ ಮಗು ನಡುನೀರಿನಲ್ಲಿ ಏನನ್ನೂ ಹಿಡಿಯದೆ ನಿಲ್ಲುವುದನ್ನು ನಿಮ್ಮ ಕಣ್ಣಿನಿಂದ ನೋಡುವ ತನಕ ಕಲಿಕೆ ಮುಗಿಯಿತು ಎನ್ನಬೇಡಿ.