ಹಕ್ಕಿ ಕಾಯ್ದ ಕಣ್ಣು

ಮೂರನೆಯ ಸಲವೂ ದಾರ ಹಿಂದಿನ ವಿಲೋ ಮರಕ್ಕೇ ಸಿಕ್ಕಿಕೊಂಡಿತು. ಭೀಮಸೇನ ಎದೆಮಟ್ಟದ ರಬ್ಬರ್ ಪ್ಯಾಂಟಿನಲ್ಲಿ ಏದುಸಿರು ಬಿಡುತ್ತ ದಡ ಹತ್ತಿ, ಟೊಂಗೆ ಬಗ್ಗಿಸಿ, ಕೊಕ್ಕೆಗೆ ಪುಕ್ಕ ಸುತ್ತಿ ಕಟ್ಟಿದ ಹುಸಿ ನೊಣವನ್ನು ಬಿಡಿಸತೊಡಗಿದ. ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದ ಶಾಂತಕ್ಕ ತಿರುಗಿಯೂ ನೋಡಲಿಲ್ಲ.

"ಪುನಃ ಮರವಾ?"

"ಹೌದ್ರೀ ಅಕ್ಕಾರ."

"ನೀನು ಹಕ್ಕಿ ಓಡಿಸ್ತಾ ಇದ್ದಿ ಮಾರಾಯ. ನಾವು ಮೀನು ಹಿಡೀಲಿಕ್ಕೆ ಬಂದದ್ದು."

ಸುಳ್ಳೇನಲ್ಲ. ವಿಜಯಪುರದ ಕಡೆಯ ಜೋಳದ ಹೊಲದಲ್ಲಿ, ಅಟ್ಟಣಿಗೆಯ ಮೇಲೆ ನಿಂತು, ತಲೆಯ ಸುತ್ತ ಕವಣೆ ತಿರುಗಿಸಿ ಕಲ್ಲು ಬೀಸಿ ಬೆಳೆದ ತೋಳು ಅದು. ಹುಟ್ಟುಗುಣ ಸುಟ್ಟರೂ ಹೋಗದು. ಕವಣೆಯ ಕಲ್ಲಿಗಾದರೆ ಭಾರವಿದೆ. ಈ ನೊಣಕ್ಕೆ ಏನೂ ಇಲ್ಲ. ಇಲ್ಲಿ ಎಸೆಯಬೇಕಾದದ್ದು ದಾರವನ್ನು. ಅದು ಹಿಂದೆ ಪೂರ್ತಿ ನೆಟ್ಟಗಾಗುವವರೆಗೆ ಒಂದು ಉಸಿರು ಕಾಯಬೇಕು, ಆಮೇಲೆ ಮುಂದಕ್ಕೆ ಬಿಡಬೇಕು. ಆ ಒಂದು ಉಸಿರು ಕಾಯುವುದೇ ಅವನ ಕೈಗೆ ಒಗ್ಗಿರಲಿಲ್ಲ.

ಶಾಂತಕ್ಕನ ಕೈಗೆ ಅದೆಲ್ಲ ಹೇಳಿಕೊಡಬೇಕಾಗಿಯೇ ಇರಲಿಲ್ಲವೇನೋ. ಮಲ್ಪೆಯ ಹತ್ತಿರ ರಂಪಣಿ ಬಲೆ ಎಳೆದವರ ಮನೆಯ ಮಗಳು. ನರ್ಸಾಗಿ ಈ ಪರದೇಶಕ್ಕೆ ಬಂದು ಪಾಮರ್ಸ್ಟನ್ ನಾರ್ತ್‌ನ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಇಪ್ಪತ್ತೆರಡು ವರ್ಷ ಡಾಕ್ಟರುಗಳ ಕೈಗೆ ಸೂಜಿ ದಾರ ಕೊಟ್ಟು, ಹೋದ ವರ್ಷ, ಎರಡು ಸಾವಿರದ ಹದಿನೈದರಲ್ಲಿ, ನಿವೃತ್ತರಾದರು. ಮೀನು ಹಿಡಿಯುವವರ ಕ್ಲಬ್ಬಿಗೆ ಸೇರಿದ ಹೊಸದರಲ್ಲಿ ಅಲ್ಲಿನ ಗಂಡಸರು ಇವರು ಚಹಾ ಮಾಡಲು ಬಂದವರೆಂದುಕೊಂಡಿದ್ದರಂತೆ. ಈಗ ಯಾವ ನೊಣ ಕಟ್ಟಲಿ ಎಂದು ಇವರನ್ನೇ ಕೇಳುತ್ತಾರೆ. ಓದಲು ಬಂದ ಮೊದಲ ಚಳಿಗಾಲದಲ್ಲಿ ಭೀಮಸೇನ ಜ್ವರ ಹಿಡಿದು ಮಲಗಿದ್ದಾಗ ಗಂಜಿ ತಂದುಕೊಟ್ಟವರೂ ಇವರೇ. ಹಾಲಿನ ಪುಡಿಯ ಕಾರ್ಖಾನೆಯ ಲ್ಯಾಬಿನಲ್ಲಿ ಅವನಿಗೆ ಕೆಲಸ ಸಿಕ್ಕಿ ಎಂಟು ವರ್ಷವಾದ ಮೇಲೂ ಅವನು ಊಟ ಮಾಡಿದನೋ ಇಲ್ಲವೋ ಎಂದು ಫೋನ್ ಮಾಡುತ್ತಿದ್ದರು.

ಬೆಳಿಗ್ಗೆ ಕಾರಿನಲ್ಲಿ ಅವರ ಮೀನು ಹಿಡಿಯುವ ಲೈಸೆನ್ಸ್ ಚೀಟಿ ಅವನ ಕಣ್ಣಿಗೆ ಬಿದ್ದಿತ್ತು. ಪ್ರತಿ ಅಕ್ಟೋಬರಿನಲ್ಲಿ ತಪ್ಪದೆ ಇಡೀ ಸೀಸನ್ನಿನ ಲೈಸೆನ್ಸ್ ತೆಗೆದುಕೊಳ್ಳುವವರು ಈ ಸಲ ಒಂದು ದಿನದ್ದು ಮಾತ್ರ ತೆಗೆದುಕೊಂಡಿದ್ದರು. ಕೇಳಿದಾಗ ಮಳೆ ಬಿಸಿಲಿನ ಸಮಾಚಾರದ ಹಾಗೆ ಹೇಳಿಬಿಟ್ಟರು. ಎರಡೂ ಕಣ್ಣಿನ ನಡುಭಾಗ ಸವೆಯುತ್ತಿದೆ. ನೇರ ನೋಡಿದರೆ ಮಸುಕು, ಬದಿಗೆ ನೋಡಿದರೆ ಅಲ್ಪಸ್ವಲ್ಪ ಉಂಟು. ಕಾರು ಓಡಿಸುವುದನ್ನು ನಿಲ್ಲಿಸಿ ಒಂದು ತಿಂಗಳಾಯಿತು.

"ಇವತ್ತು ಒಂದು ಸಿಕ್ಕಿದರೆ ಸೀಸನ್ನಿಂದು ತಗೊಳ್ತೇನೆ. ಇಲ್ಲದಿದ್ದರೆ ಈ ಗಾಳದ ರಾಡು ನಿನ್ನದು."

ಭೀಮಸೇನನಿಗೆ ಆ ರಾಡು ಬೇಕಿರಲಿಲ್ಲ. ಅಷ್ಟು ಬೇಡವಾದ ವಸ್ತುವನ್ನು ಯಾರೂ ಅವನಿಗೆ ಕೊಡಲು ಬಂದಿರಲಿಲ್ಲ.

ಹೊಸಬರಿಗೆ ಅನುಕೂಲವಾಗಲೆಂದು ಕ್ಲಬ್ಬಿನವರು ಹಿಂದಿನ ವಾರವಷ್ಟೇ ನದಿಯ ಈ ತಿರುವಿನಲ್ಲಿ ಸಾಕಿದ ಟ್ರೌಟ್ ಮೀನುಗಳನ್ನು ತಂದು ಬಿಟ್ಟಿದ್ದರು. ಗುರುತಿಗೆಂದು ಬಾಲಕ್ಕೆ ಮುಂಚೆ ಬೆನ್ನ ಮೇಲಿರುವ ಪುಟ್ಟ ರೆಕ್ಕೆಯನ್ನು ಕತ್ತರಿಸಿದ ಮೀನುಗಳು. ಸಾಕಿದ ಮೀನಿಗೆ ನಾಚಿಕೆ ಕಡಿಮೆ, ನಿನಗೂ ಸಿಕ್ಕೀತು ಎಂದು ಶಾಂತಕ್ಕ ದಾರಿಯುದ್ದಕ್ಕೂ ಅವನನ್ನು ಕಾಡಿಸಿದ್ದರು.

ಮರದ ಬುಡದಿಂದ ಅವನು ಅವರನ್ನು ನೋಡಿದ. ಏನು ಚಂದ ಎಸೆಯುತ್ತಿದ್ದರು! ತೋಳು ಕಿವಿಯ ಮಟ್ಟ ಮೀರುತ್ತಿರಲಿಲ್ಲ. ದಾರ ಹಿಂದೆ ಹೋಗಿ, ಗಾಳಿಯಲ್ಲಿ ಉದ್ದಕ್ಕೆ ಮಲಗಿ, ಮತ್ತೆ ಅವರ ತಲೆಯ ಮೇಲಿಂದ ಹಾದು, ನೊಣವನ್ನು ನೀರಿನ ಮೇಲೆ ಸದ್ದಿಲ್ಲದೆ ಇಳಿಸಿತು. ಅದು ತೇಲಿತು. ಅದರ ಕೆಳಗೆ ನೀರು ಒಂದಿಷ್ಟು ಉಬ್ಬಿತು. ನೊಣ ಮಾಯವಾಯಿತು. ಕೊಕ್ಕೆ ಸಿಕ್ಕಿಸಲು ಆಗಲೇ ಎಳೆಯಬೇಕಿದ್ದ ಶಾಂತಕ್ಕನ ರಾಡು ಅಲುಗಲಿಲ್ಲ.

"ಬಂತಾ?" ಎಂದರು ತಡವಾಗಿ.

"ಬಂದಿತ್ರಿ. ಬಾಯಾಗ ಹಾಕ್ಕೊಂಡು ಉಗುಳಿ ಹೋತು."

"ಅಲ್ಲಿಂದ ಕಂಡಿತಾ ನಿಂಗೆ?"

"ಕಾಣಲಾರದೇನ್ರಿ? ಜ್ವಾಳದ ತೆನಿ ಅಲಗಿದ್ರ ಗಾಳಿಗೆ ಅಲಗೇತೋ, ಗುಬ್ಬಿ ಕುಂತೇತೋ ಅಂತ ಸಣ್ಣಾಂವಿದ್ದಾಗಿಂದ ನೋಡೇನ್ರಿ."

ಹೇಳಿದ ಮೇಲೆಯೇ ಆ ಮಾತಿನ ಬೆಲೆ ಅವನಿಗೆ ಹೊಳೆಯಿತು. ಬಿಡಿಸುತ್ತಿದ್ದ ದಾರವನ್ನು ಮರಕ್ಕೇ ಬಿಟ್ಟು, ತನ್ನ ರಾಡನ್ನು ಕಲ್ಲುಗಳ ಮೇಲಿಟ್ಟು, ನೀರಿಗಿಳಿದು ಅವರ ಎಡ ಹೆಗಲ ಹಿಂದೆ ಹೋಗಿ ನಿಂತ. ತಾನು ನೋಡುವುದಾಗಿಯೂ ಅವರು ಎಸೆಯಬೇಕೆಂದೂ ಹೇಳಿದ. ಶಾಂತಕ್ಕನಿಗೆ ಸಿಟ್ಟೇ ಬಂತು. ಅವನಿಗೆ ಕಲಿಸಲು ಬಂದದ್ದೇ ಹೊರತು ಅವನ ಕೈ ಹಿಡಿದು ನಡೆಯಲು ಬಂದದ್ದಲ್ಲ ಎಂದರು. ಭೀಮಸೇನ ಜಗ್ಗಲಿಲ್ಲ. ಆಮೇಲೆ ಅವರು ದಾರ ಎತ್ತಿದರು.

ಮುಂದಿನ ಮೀನು ಮೇಲೆದ್ದಾಗ ಅವನು ಅಟ್ಟಣಿಗೆಯ ಮೇಲಿದ್ದವನಂತೆ "ಹೋ!" ಎಂದು ಕೂಗಿಬಿಟ್ಟ. ಶಾಂತಕ್ಕ ಬೆಚ್ಚಿ ಎಳೆದರು. ನೊಣ ಮೀನಿನ ತೆರೆದ ಬಾಯಿಂದಲೇ ವಾಪಸು ಬಂತು. ಅವನು ನಾಲಿಗೆ ಕಚ್ಚಿಕೊಂಡ, ಅವರು ನಕ್ಕರು. ಥಿಯೇಟರಿನಲ್ಲಿ ದನಿ ಏರಿಸಿದ ಡಾಕ್ಟರಿಗೆ ತಾವು ಕತ್ತರಿಯನ್ನೇ ಕೊಡುತ್ತಿರಲಿಲ್ಲ ಎಂದರು.

"ಅದು ಬಾಯಿ ಮುಚ್ಚಬೇಕು, ಕೆಳಗೆ ತಿರುಗಬೇಕು. ಅಷ್ಟು ಹೊತ್ತು ಕಾಯಿ. ಮತ್ತೆ ಹೇಳು. ಮೆಲ್ಲ."

ನೊಣ ಮತ್ತೆ ಇಳಿಯಿತು. ಭೀಮಸೇನ ರೆಪ್ಪೆ ಬಡಿಯಲಿಲ್ಲ. ಕಂದು ನೆರಳೊಂದು ತಳದ ಕಲ್ಲುಗಳಿಂದ ಬಿಡಿಸಿಕೊಂಡು ಮೇಲೆ ಬಂತು. ಮೂತಿ ಕಂಡಿತು, ಬಿಳಿ ಬಾಯಿ ತೆರೆಯಿತು, ಮುಚ್ಚಿತು. ಗಂಟಲಿಗೆ ಬಂದ ಕೂಗನ್ನು ಅವನು ನುಂಗಿಕೊಂಡ. ತಲೆ ಕೆಳಗೆ ತಿರುಗಿತು.

"ಅಕ್ಕಾರ," ಎಂದ ಪಿಸುದನಿಯಲ್ಲಿ, "ಈಗ್ರಿ."

ರಾಡು ಬಿಲ್ಲಾಯಿತು. ಆಮೇಲೆ ಅವನ ಕಣ್ಣು ಅವರಿಗೆ ಬೇಕಾಗಲಿಲ್ಲ. ಮೀನು ಎಳೆದಾಗ ದಾರ ಬಿಟ್ಟರು, ಬಳಲಿದಾಗ ಸುತ್ತಿದರು. ಎಲ್ಲವೂ ಬೆರಳಿಗೇ ಗೊತ್ತಿತ್ತು. ಅಂಥ ಕೈಯನ್ನು ಹತ್ತಿರದಿಂದ ನೋಡುವುದಕ್ಕೂ ಪುಣ್ಯ ಬೇಕು ಎನಿಸಿ ಅವನ ಕಣ್ಣು ತುಂಬಿ ಬಂತು. ಅವನು ಮೀನಿನ ಕೆಳಗೆ ಕೈಬಲೆ ಹಿಡಿದ. ಅವರು ಅಂಗೈ ಒದ್ದೆ ಮಾಡಿಕೊಂಡು, ಮೀನನ್ನು ನೀರೊಳಗೇ ಹಿಡಿದು, ಅದರ ಬೆನ್ನ ಮೇಲೆ ತೋರುಬೆರಳು ಎಳೆದರು. ಪುಟ್ಟ ರೆಕ್ಕೆ ಇರಬೇಕಾದ ಜಾಗದಲ್ಲಿ ಬೆರಳು ನಿಂತಿತು.

"ಸಾಕಿದ್ದೇ," ಎಂದರು. "ಆದರೂ ಎಷ್ಟು ಜೋರು ನೋಡು."

ಕೊಕ್ಕೆ ಬಿಡಿಸಿ, ಕೈ ಸಡಿಲಿಸಿದರು. ಮೀನು ಒಂದು ಗಳಿಗೆ ಅಲ್ಲೇ ನಿಂತು, ಆಮೇಲೆ ಹೊರಟುಹೋಯಿತು. ಎದ್ದು ನಿಲ್ಲುವಾಗ ಅವರಿಗೆ ಆಸರೆಯಾಗಲೆಂದು ಭೀಮಸೇನ ರಾಡು ಹಿಡಿದುಕೊಳ್ಳಲು ಕೈ ಚಾಚಿದ. ಶಾಂತಕ್ಕ ಕೊಡಲಿಲ್ಲ.

"ಇದು ನನ್ನದು. ನಿನ್ನದು ಮರದಲ್ಲಿ ಉಂಟು, ಹೋಗಿ ಬಿಡಿಸ್ಕೊ."

ಅವನು ದಡ ಹತ್ತಿ ಟೊಂಗೆಗೆ ಕೈ ಹಾಕಿದ. ಕೆಳಗೆ ಶಾಂತಕ್ಕ ರಾಡನ್ನು ಕಂಕುಳಲ್ಲಿ ಅವುಚಿಕೊಂಡು, ಮುಖವನ್ನು ಆಚೆ ದಡದ ಕುರಿಗಳ ಕಡೆಗೆ ತಿರುಗಿಸಿ, ಕಣ್ಣಿನ ಬದಿಯಿಂದ ನೀರನ್ನು ನೋಡುತ್ತಿದ್ದರು.