ಕೆಂಪಿಯ ಸೀಟು

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ದಿನಗಳು. ಬೆಳಗಿನ ಹಾಲು ಡೈರಿಗೆ ಹೋಗುವ ಹೊತ್ತಿಗೆ ಯೋಗಾನಂದನ ಹೆಣ ಮತ್ತೊಮ್ಮೆ ಎಡಕ್ಕೆ ವಾಲಿತು.

"ಹಿಡ್ಕಳ್ರೋ, ಬಿದ್ದೋಯ್ತದೆ!" ಅಣ್ಣ ಮುನಿಯಪ್ಪ ಓಡಿಬಂದು ತಮ್ಮನ ಭುಜಕ್ಕೆ ಕೈ ಕೊಟ್ಟ.

ಅಕ್ಕೂರಿನ ಆ ಮನೆಯ ಮುಂದೆ, ಶಾಮಿಯಾನದ ನೆರಳಲ್ಲಿ, ಹೆಣವನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದರು. ಸತ್ತವರನ್ನು ಮಲಗಿಸುವ ಪದ್ಧತಿ ಆ ಮನೆತನದಲ್ಲಿಲ್ಲ. ಕೂತೇ ಮುಖ ತೋರಿಸಬೇಕು, ಕೂತೇ ಹೆಗಲೇರಬೇಕು, ಕೂತೇ ಮಣ್ಣಿಗಿಳಿಯಬೇಕು. ಎದೆಗೊಂದು ಪಂಚೆ ಬಿಗಿದು ಕುರ್ಚಿಗೆ ಕಟ್ಟಿದ್ದರೂ ಹೆಣ ಜಾರುತ್ತಲೇ ಇತ್ತು.

"ಊರೋರ ಕಾರಿಗೆಲ್ಲ ಸೀಟು ಹೊಲ್ದ ಕಣಣ್ಣ," ಪಕ್ಕದ ಮನೆ ಸ್ವಾಮಿ ಅಂದ. "ತನಗೆ ಅಂತ ಒಂದು ಹೊಲ್ಕಳ್ಳಿಲ್ಲ ನೋಡು."

"ಬಾಯ್ ಮುಚ್ಲಾ. ಇನ್ನೊಂದು ಪಂಚೆ ತತ್ತಾ."

ಹೆಂಡತಿ ಚಿನ್ನಮ್ಮ ಹೆಣದ ಕಾಲ ಬಳಿ ಕೂತಿದ್ದಳು. ಕಟ್ಟು ಬಿಗಿದಾಗಲೆಲ್ಲ ಅವಳು ಮುಖ ಕಿವುಚುತ್ತಿದ್ದಳು. "ಒಸಿ ಮೆಲ್ಲಗೆ ಕಟ್ರಪ್ಪ. ಕಳ್ಳನ್ನ ಕಟ್ಟಾಕ್ದಂಗೆ ಕಟ್ತೀರಲ್ಲ," ಅಂದಳು.

ಮರಳವಾಡಿಗೆ ಕೊಟ್ಟಿದ್ದ ಮಗಳು ಚೈತ್ರಾ ಬಂದು ಅತ್ತಾಯಿತು. ಅಪ್ಪನ ಬಾಯಿಗೆ ಅಕ್ಕಿ ಹಾಕಿದ್ದೂ ಆಯಿತು. ನೆಂಟರೆಲ್ಲ ಸಾಲಾಗಿ ಬಂದು ನಾಲ್ಕು ಕಾಳು ಹಾಕಿ ಕೈಮುಗಿದರು. ಹೊತ್ತು ನೆತ್ತಿಯಿಂದ ಇಳಿಯಿತು. ಇನ್ನೇನು ಎತ್ತಬೇಕು ಅನ್ನುವಾಗ ಕಣಗಲೆ ಬೇಲಿಯ ಆಚೆ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಹಿಂದೆ ಹಳೇ ಬೆಡ್‌ಶೀಟು ಸುತ್ತಿದ ಏನೋ ಒಂದನ್ನು ಹಗ್ಗದಲ್ಲಿ ಕಟ್ಟಿತ್ತು. ಇಳಿದವನು ರಾಮನಗರದ ಮಕ್ಬೂಲ್. ಕಾರುಗಳ ತಗಡು ಬಡಿದು ಪೇಂಟು ಹೊಡೆಯುವವನು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

ತಮಟೆಯವರು ಕೈ ನಿಲ್ಲಿಸಿದರು. ಆ ಹೆಸರು ಊರಿಗೆಲ್ಲ ಗೊತ್ತಿತ್ತು.

ಮುನಿಯಪ್ಪ ಅಡ್ಡ ಹೋಗಿ ನಿಂತ. "ಅಲ್ಲೇ ನಿಂತ್ಕಳಯ್ಯ."

"ಅಣ್ಣ, ಬಾಯಿಗೆ ಅಕ್ಕಿ ಹಾಕಿ ಹೊಂಟೋಯ್ತೀನಿ."

"ನೀನು ಸಾಬ್ರು ಅಂತ ಬ್ಯಾಡ ಅಂತಿಲ್ಲ ಕಣಯ್ಯ. ನಿಮ್ಮೋರು ಆಗಲೇ ಬಂದು ಹಾಕವ್ರೆ. ನಿಂಗೂ ಅವನ್ಗೂ ಮಾತಿರ್ಲಿಲ್ಲ. ಸತ್ರೂ ಅವ್ನ ಮುಖ ನೋಡಕಿಲ್ಲ ಅಂದಿದ್ದ. ಕಣ್ಮುಚ್ಚೋವರ್ಗೂ ಅದನ್ನೇ ಅಂದ."

ಮಾತು ಬಿಟ್ಟವರ ಕೈಯಕ್ಕಿ ಹೆಣದ ಬಾಯಿಗೆ ಬೀಳಬಾರದು. ಬೀಳಬೇಕಾದರೆ ಮನೆಯವರೇ ಬಾಯಿಬಿಟ್ಟು ಹಾಕು ಅನ್ನಬೇಕು. ಎಲ್ಲರೂ ಚಿನ್ನಮ್ಮನ ಕಡೆ ನೋಡಿದರು. ಅವಳು ತಲೆ ಎತ್ತಲಿಲ್ಲ.

* * *

ಚೈತ್ರಾ ಇನ್ನೂ ಸ್ಕೂಲಿಗೆ ಹೋಗುತ್ತಿದ್ದ ಕಾಲದ ಮಾತು. ಬಿಡದಿ ಕಡೆಯ ಒಂದು ಶೆಡ್ಡಿನಲ್ಲಿ ಒಂದು ಕಂಪನಿಗೆ ಹೊಸ ನಮೂನೆಯ ಕಾರು ಮಾಡುತ್ತಿದ್ದರು. ಪ್ರದರ್ಶನಕ್ಕೆ ಇಡಲಿಕ್ಕೆ ಒಂದೇ ಒಂದು. ಗಿಡ್ಡ ಕಾರು, ಎರಡೇ ಬಾಗಿಲು, ಬೆನ್ನು ಮೊಟಕು. ನೆಲಕ್ಕೆ ಅಂಟಿದ ಹಾಗೆ ಕೂತು, ನಿಂತಲ್ಲೇ ಓಡುವ ಹಾಗೆ ಕಾಣುತ್ತಿತ್ತು. ತಗಡು, ಬಣ್ಣ ಮಕ್ಬೂಲನದು. ಸೀಟು ಯೋಗಾನಂದನದು. ಕಂಪನಿ ಅದಕ್ಕೆ ಏನೋ ನಂಬರಿಟ್ಟಿತ್ತು. ಕೆಂಪು ಬಣ್ಣ ಬಿದ್ದ ದಿನ ಯೋಗಾನಂದ ಅದರ ಬೆನ್ನು ಸವರಿ, ಮನೆಯ ಕಡಸನ್ನು ಕರೆದ ಹಾಗೆ, "ಕೆಂಪಿ" ಅಂದ. ಶೆಡ್ಡಿಗೆಲ್ಲ ಅದೇ ಹೆಸರಾಯಿತು.

"ಇದು ಸ್ಪೀಡಾಗಿ ತಿರುಗೋ ಗಾಡಿ," ಎಂಜಿನಿಯರು ಹೇಳಿದ್ದರು. "ತಿರುವಿನಲ್ಲಿ ಕೂತವರು ವಾಲಬಾರದು."

ಯೋಗಾನಂದ ಸೀಟಿನ ಎರಡೂ ಪಕ್ಕ ದಿಂಡು ಏರಿಸಿದ. ತಾನೇ ಕೂತು ನೋಡಿದ, ಬಿಚ್ಚಿದ, ಮತ್ತೆ ಹೊಲಿದ. "ತಾಯಿ ಮಗೀನ ಸೊಂಟದ ಮ್ಯಾಲೆ ಇಟ್ಕತಾಳಲ್ಲ, ಹಂಗೆ ಹಿಡ್ಕಬೇಕು ಕಣೋ ಮಕ್ಬೂಲ," ಅನ್ನುತ್ತಿದ್ದ.

ಕೆಂಪಿ ಲಾರಿ ಹತ್ತುವ ದಿನ ಮಕ್ಬೂಲ್ ಸ್ಟೇರಿಂಗ್ ಹಿಡಿದ, ಯೋಗಾನಂದ ಪಕ್ಕದಲ್ಲಿ ಕೂತ. ಶೆಡ್ಡಿನಿಂದ ಲಾರಿಯವರೆಗೆ. ಅವರಿಬ್ಬರೂ ಅದರಲ್ಲಿ ಹೋದದ್ದು ಅಷ್ಟೇ ದೂರ.

ಪ್ರದರ್ಶನದಲ್ಲಿ ಜನ ಮುಗಿಬಿದ್ದರಂತೆ. ಆದರೂ ಕಂಪನಿಯವರು ಮನಸ್ಸು ಬದಲಿಸಿದರು. ನಾಲ್ಕು ಬಾಗಿಲು, ಹಿಂದೆ ಮೂರು ಜನ, ಡಿಕ್ಕಿಯಲ್ಲಿ ಮೂಟೆ, ಇಷ್ಟಿಲ್ಲದ ಸಣ್ಣ ಕಾರನ್ನು ಯಾರೂ ಕೊಳ್ಳುವುದಿಲ್ಲ ಅಂದರು. ಕೆಂಪಿ ಶೆಡ್ಡಿಗೆ ವಾಪಸ್ಸು ಬಂತು, ಹಿಂದೆಯೇ ಅಪ್ಪಣೆ ಬಂತು: ಕತ್ತರಿಸಿ, ಒಂದು ಚೂರೂ ಹೊರಗೆ ಹೋಗಬಾರದು.

"ನಾನು ಬರೋಗಂಟ ಮುಟ್ಟಬ್ಯಾಡ," ಯೋಗಾನಂದ ಮಕ್ಬೂಲನ ಕೈ ಹಿಡಿದು ಹೇಳಿದ್ದ. "ಒಂದ್ಸಲ ನೋಡ್ಬೇಕು."

ಮರುದಿನ ಅವನು ಬಂದಾಗ ಕೆಂಪಿಯ ನೆತ್ತಿ ಹೋಗಿತ್ತು. ಮಕ್ಬೂಲನ ಕೈಯಲ್ಲಿ ಗ್ಯಾಸ್ ಕಟರ್ ಉರಿಯುತ್ತಿತ್ತು. ಸೀಟಿನ ಸ್ಪಂಜು ಚಿಂದಿಯಾಗಿ ನೆಲದಲ್ಲಿ ಬಿದ್ದಿತ್ತು. ಪಕ್ಕದಲ್ಲೇ ಕಂಪನಿಯ ಸೂಪರ್‌ವೈಸರ್ ಕ್ಯಾಮೆರಾ ಹಿಡಿದು ನಿಂತಿದ್ದ.

"ಯೋಗಣ್ಣ..." ಅಂದು ಮಕ್ಬೂಲ್ ಕ್ಯಾಮೆರಾದ ಕಡೆ ನೋಡಿದ.

ಯೋಗಾನಂದ ಬಂದ ದಾರಿಯಲ್ಲೇ ತಿರುಗಿ ಹೋದ.

* * *

"ಹೇಳು ಮತ್ತೆ," ಮುನಿಯಪ್ಪ ಅಂದ. "ಒಂದ್ಗಳಿಗೆ ಕಾಯಕ್ಕಾಗ್ಲಿಲ್ವಾ ನಿನ್ಗೆ? ನನ್ ತಮ್ಮ ಆಮೇಲೆ ಹೊಲ್ದಿದ್ದೆಲ್ಲ ಬರೀ ಆಟೋ ಸೀಟು. ಕಾರಿನ್ ಕೆಲ್ಸ ಅಂದ್ರೆ ಎದ್ದೋಗೋನು."

"ಆ ಸೂಪರ್‌ವೈಸರ್ ಬರೋ ಮುಂಚೆ ಬಿಚ್ಬೇಕಿತ್ತಣ್ಣ. ಬಂದ್ಮೇಲೆ ಅವ್ನು ಕಾಯಕ್ಕೆ ಬಿಡ್ಲಿಲ್ಲ. ಅವ್ನ ಮುಂದೆ ಹೆಂಗೆ ಹೇಳ್ಲಿ?"

"ಏನ ಬಿಚ್ಬೇಕಿತ್ತು?"

ಮಕ್ಬೂಲ್ ಆಟೋ ಹಿಂದೆ ಹೋಗಿ ಹಗ್ಗ ಬಿಚ್ಚಿ ಬೆಡ್‌ಶೀಟು ಎಳೆದ. ಕಪ್ಪು ಸೀಟು, ಕೆಂಪು ದಾರದ ಹೊಲಿಗೆ.

"ಚಿಂದಿ ಮಾಡಿದ್ದು ಗುಜರಿ ಸೀಟು. ಕೆಂಪೀದು ಇದು, ನನ್ ಶಾಪಿನ ಅಟ್ಟದ ಮೇಲಿತ್ತು. ಒಂದ್ಸಲ ಇಲ್ಲೀಗಂಟ ತಂದೆ. ನನ್ ದನಿ ಕೇಳಿ ಹಿತ್ಲಿಂದ ಹಿಪ್ಪುನೇರ್ಳೆ ತೋಟಕ್ಕೆ ಹೊಂಟೋದ. ಹೇಳಿ ಕಳಿಸ್ದೆ. ಮಕ್ಬೂಲ ಅನ್ನಷ್ಟರಲ್ಲಿ ಕಿವಿ ಮುಚ್ಕಳೋನಂತೆ."

"ಈಗ ಏನ್ ಬೇಕಾದ್ರೂ ಹೇಳ್ಬೋದು," ಮುನಿಯಪ್ಪನ ದನಿ ಏರಿತು. "ಇಲ್ಲ ಅನ್ನಕ್ಕೆ ಅವನಿಲ್ವಲ್ಲ! ಯಾವ್ದೋ ಹಳೇ ಸೀಟು ತಂದು ಹೆಣದ ಮುಂದೆ ನಾಟ್ಕ ಆಡ್ತೀಯಾ? ತಗೊಂಡ್ ನಡಿ!"

ಅವನು ಮಕ್ಬೂಲನ ಎದೆಗೆ ಕೈ ಇಟ್ಟು ತಳ್ಳಿದ. ಮಕ್ಬೂಲ್ ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ಅಲ್ಲೇ ನಿಂತ. ಸ್ವಾಮಿ ನಡುವೆ ಬಂದ. "ಬುಡಣ್ಣ, ಬುಡು, ಹೆಣದ ಮುಂದೆ..."

ಚಿನ್ನಮ್ಮ ಎದ್ದಳು. ಯಾರ ಮುಖವನ್ನೂ ನೋಡದೆ ಆಟೋದ ಹತ್ತಿರ ಹೋದಳು. ಸೀಟಿನ ತಳಕ್ಕೆ ಕೈ ಹಾಕಿ ತಡಕಿದಳು. ಮುಂದೆ ಇರಲಿಲ್ಲ. ಬಲಕ್ಕೆ ತಡಕಿದಳು, ಎಡಕ್ಕೆ ತಡಕಿದಳು. ಹಿಂಬದಿಯ ಮೂಲೆಯಲ್ಲಿ ಅವಳ ಕೈ ನಿಂತಿತು.

ನೀಲಿ ಬಟ್ಟೆಯ ಚೂರೊಂದನ್ನು ಬೆರಳಿಗೆ ಸುತ್ತಿ ಹೊರಗೆಳೆದಳು. ಸೀರೆಯ ಅಂಚು. ಇನ್ನೊಂದು ತುದಿ ಒಳಹೊಲಿಗೆಯಲ್ಲಿ ಸೇರಿಕೊಂಡಿತ್ತು.

"ನಂದು," ಅಂದಳು. "ಮದ್ವೇಲಿ ತಲೆ ಮ್ಯಾಲೆ ಅಕ್ಕಿ ಹಾಕ್ವಾಗ ಉಟ್ಟಿದ್ದ ಸೀರೆ, ಹರಿದೋಗಿತ್ತು. ಯಾರಿಗೂ ಕಾಣ್ದಂಗೆ ಹೊಲ್ದಿವ್ನಿ ಕಣೆ, ನೀನು ಹೋಗ್ದಿದ್ರೂ ನಿನ್ ಸೀರೆ ಊರೆಲ್ಲ ನೋಡ್ಕಂಡು ಬತ್ತದೆ ಅಂತ ಇವ್ರು ಅಂದಿದ್ರು."

ಮುನಿಯಪ್ಪ ಬಗ್ಗಿ ನೋಡಿದ. ದಾರಿ ಬಿಟ್ಟು ಪಕ್ಕಕ್ಕೆ ಸರಿದ.

"ಚೈತ್ರಾ, ಅಕ್ಕಿ ತಟ್ಟೆ ತತ್ತಾರವ್ವ," ಚಿನ್ನಮ್ಮ ಅಂದಳು. ಆಮೇಲೆ ಮಕ್ಬೂಲನಿಗೆ, "ಹಾಕಪ್ಪ."

ಮಕ್ಬೂಲ್ ಹಾಕಿದ ಕಾಳು ಗಲ್ಲದ ಮೇಲೆ ಚೆಲ್ಲಿದವು. ಆಯ್ದು ಮತ್ತೆ ಹಾಕಿದ. ಹೆಣ ಮೆಲ್ಲಗೆ ಅವನ ಕಡೆಗೇ ವಾಲಿತು. ಅವನು ಹೆಗಲು ಕೊಟ್ಟು ಹಿಡಿದ.

"ಇದ್ರಲ್ಲೇ ಕೂರ್ಸಾನ," ಚಿನ್ನಮ್ಮ ಅಂದಳು.

ಮುನಿಯಪ್ಪ ಮಕ್ಬೂಲನನ್ನು ನೋಡಿದ. "ಹೆಣದ ಜೊತೆ ಗುಂಡಿಗೆ ಹೋದ್ದು ವಾಪಸ್ಸು ತರೋ ಹಂಗಿಲ್ಲ ಕಣಯ್ಯ. ಅದೂ ಮಣ್ಣಿಗೇ."

"ಆ ಗಾಡೀದು ಉಳಿದಿರೋದು ಇದೊಂದೇ," ಅಂದ ಮಕ್ಬೂಲ್. ಸೀಟಿನ ಬೆನ್ನ ಮೇಲೆ ಕೈಯಾಡಿಸಿ, ಅಟ್ಟದ ಧೂಳು ಕೊಡವಿದ. "ಇಳಿಸ್ಕಳಿ."

ಇಬ್ಬರು ಸೀಟು ಹಿಡಿದರು, ಇಬ್ಬರು ಹೆಣ ಎತ್ತಿದರು. ಬಿದಿರು ಕಟ್ಟಿ ಚಟ್ಟ ಬಿಗಿದಾಯಿತು. ಎದೆಗೆ ಕಟ್ಟಲು ಸ್ವಾಮಿ ಪಂಚೆ ತಂದ. ಮಕ್ಬೂಲ್ ಬೇಡ ಅಂದ.

"ಜಾರ್ದ್ರೆ?"

"ಜಾರಕಿಲ್ಲ."

ಎತ್ತುವಾಗ ಮುನಿಯಪ್ಪ ಮುಂದಿನ ಬಲ ಹೆಗಲಿಗೆ ನಿಂತು, "ಏಯ್, ನೀನು ಈ ಕಡೆ ಬಾರಯ್ಯ," ಅಂದು ಎಡಗಡೆಯನ್ನು ಮಕ್ಬೂಲನಿಗೆ ಬಿಟ್ಟುಕೊಟ್ಟ. ತಮಟೆ ಶುರುವಾಯಿತು. ಹಿಪ್ಪುನೇರಳೆ ತೋಟದ ಪಕ್ಕ ದಾರಿ ಇಳಿಜಾರು. ಕೊನೆಯಲ್ಲಿ ಬಾವಿಯನ್ನು ಬಳಸಿಕೊಂಡು ಗಕ್ಕನೆ ಬಲಕ್ಕೆ ತಿರುಗುತ್ತದೆ. ಅಲ್ಲಿ ಹೊತ್ತವರು ತಡವರಿಸಿ ಚಟ್ಟ ಒಂದು ಕಡೆಗೆ ಓರೆಯಾಯಿತು. ಹಿಂದಿದ್ದ ಹೆಂಗಸರು "ಅಯ್ಯೋ" ಅಂದರು. ಮುನಿಯಪ್ಪ ಒಂದು ಕೈ ಮೇಲೆತ್ತಿ ತಲೆಯೆತ್ತಿ ನೋಡಿದ.

ಯೋಗಾನಂದ ವಾಲಲಿಲ್ಲ. ದಿಂಡುಗಳ ನಡುವೆ ನೆಟ್ಟಗೆ, ದಾರಿ ನೋಡುತ್ತ ಕೂತ ಹಾಗೆಯೇ, ತಿರುವು ದಾಟಿದ.